ಹವಳ ಸಾಕುವ ಅಕ್ವೇರಿಯಂ ತೊಟ್ಟಿಯಲ್ಲಿ ಉಪ್ಪಿನಂಶ ಏರುತ್ತಲೇ ಇದೆ, ಏನು ಮಾಡಲಿ?

ಡೊಂಬಿವಲಿಯ ಮನೆಯಲ್ಲಿಟ್ಟ ಹೊಸ ತೊಟ್ಟಿಗೆ, ನೀರು ಇಳಿದಷ್ಟೂ ಉಪ್ಪುನೀರನ್ನೇ ತುಂಬಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ತೊಂದರೆ ಇರುವುದೇ ಅಲ್ಲಿ. ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಾರು ಕುದಿದು ಬತ್ತಿದರೆ ಉಪ್ಪಾಗುವುದಿಲ್ಲವೇ, ಹಾಗೆಯೇ. ಇಳಿದಷ್ಟನ್ನು ದಿನವೂ ಆರ್‌ಒ ನೀರಿನಿಂದ ತುಂಬಿಸಿ. ಗಾಜಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಳ್ಳಿ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೆ ನನ್ನ ತೊಟ್ಟಿಯಲ್ಲಿ ದಿನಕ್ಕೆ ಬೆರಳಗಲ ಇಳಿಯುತ್ತದೆ. ಉಪ್ಪುನೀರು ಬೇಕಾಗುವುದು ನೀರು ಬದಲಿಸುವಾಗ.

ಗುರಿ 35 ಪಿಪಿಟಿ (ಸಾವಿರ ಗ್ರಾಂ ಉಪ್ಪುನೀರಿನಲ್ಲಿ 35 ಗ್ರಾಂ ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಿಂದ ಸರಿಹೊಂದಿಸಿಕೊಂಡೇ ಅಳೆಯಿರಿ. ಏರಿರುವುದನ್ನು ಒಂದೇ ದಿನದಲ್ಲಿ ಇಳಿಸಬೇಡಿ, ಹವಳ ತಾಳುವುದಿಲ್ಲ. ಕೆಲವು ದಿನ ತೆಗೆದುಕೊಳ್ಳಿ. ಮುಂಬೈನ ಜುಹೂ ಕಡಲಿನ ನೀರು ತರುವ ಯೋಚನೆಯನ್ನಂತೂ ದಯವಿಟ್ಟು ಬಿಡಿ: ನಗರದ ಕೊಳಚೆ ಆ ಕಡಲಿಗೇ ಸೇರುತ್ತದೆ.