ಬಡತನವೋ, ಬುದ್ಧಿಯೋ?

ಪ್ರಶ್ನೆ: ಷಿಕಾಗೋದಲ್ಲಿರುವ ಮಗ, ಅಲ್ಲಿನ ಗುಂಡಿನ ದಾಳಿಗಳಿಗೆ ಬಡತನವೇ ಕಾರಣ ಅನ್ನುತ್ತಾನೆ. ಬಡತನ ನಮ್ಮೂರಲ್ಲಿಲ್ಲವೇ ಸಾರ್? ಬಂದೂಕು ಎತ್ತುವುದು ಅವರವರ ಬುದ್ಧಿಯಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮೂರಲ್ಲಿ ಬಡತನ ಇದೆ ಸ್ವಾಮಿ, ಸಲೀಸಾಗಿ ಸಿಗುವ ಪಿಸ್ತೂಲು ಇಲ್ಲ. ಷಿಕಾಗೋಗೆ ಪಕ್ಕದ ಇಂಡಿಯಾನಾ ರಾಜ್ಯದಿಂದಲೇ ಬೇಕಾದಷ್ಟು ಬರುತ್ತವೆ. ಅರ್ಧ ಉತ್ತರ ಅಲ್ಲೇ ಮುಗಿಯಿತು.

ಇನ್ನರ್ಧ ಕಷ್ಟದ್ದು. ದಕ್ಷಿಣ, ಪಶ್ಚಿಮ ಷಿಕಾಗೋದ ಕಪ್ಪು ಜನರಿಗೆ ದಶಕಗಳ ಕಾಲ ಬ್ಯಾಂಕುಗಳು ಮನೆಸಾಲ ಕೊಡಲಿಲ್ಲ. ಆಮೇಲೆ ಉಕ್ಕಿನ ಕಾರ್ಖಾನೆಗಳೂ ಮುಚ್ಚಿದವು. ಹಾಗಿದ್ದೂ ಆ ಬೀದಿಗಳ ಬಹುಪಾಲು ಹುಡುಗರು ಯಾರಿಗೂ ಗುಂಡು ಹೊಡೆಯುವುದಿಲ್ಲ. 2015ರ ಅಧ್ಯಯನವೊಂದರಲ್ಲಿ, ಗುಂಡೇಟು ತಿಂದು ಬದುಕುಳಿದವರ ಪೈಕಿ ಶೇ 70ರಷ್ಟು ಮಂದಿ, ಒಂದೇ ಅಪರಾಧಕ್ಕೆ ಜೊತೆಯಾಗಿ ಬಂಧಿತರಾದವರ ಜಾಲಗಳಿಗೆ ಸೇರಿದ್ದರು. ಆ ಜಾಲಗಳಲ್ಲಿದ್ದದ್ದು ನಗರದ ಶೇ 6ಕ್ಕಿಂತ ಕಡಿಮೆ ಜನ.

ಬುದ್ಧಿಯ ಮಾತಿಗೆ ಬರೋಣ. ಅಲ್ಲಿನ ಶಾಲೆಗಳಲ್ಲಿ, ಕೈ ಎತ್ತುವ ಮುನ್ನ ಯೋಚಿಸುವುದನ್ನು ಹುಡುಗರಿಗೆ ಕಲಿಸುವ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮವಿದೆ. ಅದರಲ್ಲೊಂದು ಆಟ: ಒಬ್ಬನ ಮುಷ್ಟಿಯಲ್ಲಿರುವ ಚೆಂಡನ್ನು ಇನ್ನೊಬ್ಬ 30 ಸೆಕೆಂಡಿನಲ್ಲಿ ಪಡೆಯಬೇಕು. ಹುಡುಗರು ಕೈ ತಿರುಚುತ್ತಾರೆ, ಗುದ್ದಾಡುತ್ತಾರೆ. ‘ಕೊಡ್ತೀಯೇನೋ?’ ಅಂತ ಕೇಳುವವನೇ ಇಲ್ಲ! (ನಮ್ಮ ವಿಧಾನಸಭೆಯಲ್ಲೂ ಆಡಿಸಿ ನೋಡಬಹುದು.) ಷಿಕಾಗೋ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಕಾರ್ಯಕ್ರಮ ನಡೆಯುವಷ್ಟು ದಿನ ಹಿಂಸಾಚಾರದ ಬಂಧನಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ನಿಂತ ಮೇಲೆ ಆ ಇಳಿಕೆ ಉಳಿಯಲಿಲ್ಲ. ಅಂದರೆ ಬುದ್ಧಿ ಕಲಿಸಿದರೆ ಕಲಿಯುತ್ತಾರೆ, ಆದರೆ ಸುತ್ತಲಿನ ಬದುಕು ಹಾಗೇ ಇದ್ದರೆ ಅದೊಂದೇ ಸಾಲದೇನೋ. ಅಲ್ಲಿಗೆ ನಿಮ್ಮ ಮಗನ ಮಾತಿಗೂ ಸ್ವಲ್ಪ ತೂಕ ಬಂತು.