ಡ್ರಮ್ ಸಿಂತ್‌ನಲ್ಲಿ ಕಿಕ್ ‘ಪ್ಯೂಂ’ ಅನ್ನುವುದು ಯಾಕೆ, ಸ್ನೇರ್ ಬರೀ ‘ಉಸ್’ ಅನ್ನುವುದು ಯಾಕೆ?

ನೀವು ತಂದಿರುವುದು ಪ್ರೀಸೆಟ್ (ಮೊದಲೇ ಸಿದ್ಧವಾಗಿರುವ ಸದ್ದು) ಇಲ್ಲದ ಅನಲಾಗ್ ಡ್ರಮ್ ಸಿಂತ್, ಅಂದರೆ ಡ್ರಮ್ಮಿನ ಸದ್ದನ್ನು ಸರ್ಕ್ಯೂಟಿನಿಂದ ಹುಟ್ಟಿಸುವ ಯಂತ್ರ. ಕಿಕ್ ‘ಪ್ಯೂಂ’ ಅನ್ನುತ್ತದೆ, ಸ್ನೇರ್ ಸಿಗ್ನಲ್ ಹೋದ ಟಿವಿಯ ಹಾಗೆ ಉಸುಗುಟ್ಟುತ್ತದೆ, ಹೈಹ್ಯಾಟ್‌ನಲ್ಲಿ ಲೋಹದ ಗುಣವೇ ಇಲ್ಲ, ಜೊತೆಗೆ ಇದರಲ್ಲಿ ಮೃದಂಗದ ಹತ್ತಿರ ಹೋಗಬಹುದಾ ಎಂದೂ ಕೇಳಿದ್ದೀರಿ. ಮೊದಲ ಎರಡು ತೊಂದರೆ ಮಿಲಿಸೆಕೆಂಡ್ ಲೆಕ್ಕದ್ದು. ಉಳಿದೆರಡು ಕಂಪನಗಳ ಅನುಪಾತದ್ದು. ಎರಡನ್ನೂ ಬೆರೆಸಿ ನಾಬ್ ತಿರುಗಿಸುತ್ತಾ ಕೂತರೆ ಇಡೀ ದಿನ ಹೋಗುತ್ತದೆ, ಸದ್ದು ಸಿಗುವುದಿಲ್ಲ.

ಕಿಕ್‌ನಿಂದ ಶುರು ಮಾಡಿ. ಎಲ್ಲ ಮಾಡ್ಯುಲೇಷನ್ (ಒಂದು ಭಾಗ ಇನ್ನೊಂದನ್ನು ಅಲುಗಿಸುವುದು) ಸೊನ್ನೆಗೆ ಇಳಿಸಿ, ಸ್ವರ ಹುಟ್ಟಿಸುವ ಆಸಿಲೇಟರನ್ನು ನಯವಾದ ಸೈನ್ ತರಂಗಕ್ಕೆ ಇಟ್ಟು, ಮೂಲ ಪಿಚ್ಚನ್ನು 50 ಹರ್ಟ್ಸ್ ಆಸುಪಾಸಿಗೆ ತನ್ನಿ. ಸೈನ್ ಇಲ್ಲದಿದ್ದರೆ ಟ್ರಯಾಂಗಲ್ ತೆಗೆದುಕೊಂಡು, ತಗ್ಗಿನ ಕಂಪನಗಳನ್ನು ಮಾತ್ರ ಬಿಡುವ ಲೋಪಾಸ್ ಫಿಲ್ಟರನ್ನು 200 ಹರ್ಟ್ಸ್‌ಗೆ ಇಳಿಸಿದರೆ ಸಾಕು. ಫೋನಿನ ಟ್ಯೂನರ್ ಆ್ಯಪ್ ಇಷ್ಟು ತಗ್ಗಿನ ಸೈನನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಶ್ರುತಿ ಮಾಡುವಾಗ ಮಾತ್ರ ಸ್ಕ್ವೇರ್‌ಗೆ ಬದಲಿಸಿ, ಮೇಲಿನ ಹಾರ್ಮೋನಿಕ್‌ಗಳು (ಮೂಲದ ಎರಡು, ಮೂರು ಹೀಗೆ ಪೂರ್ತಿ ಪಟ್ಟಿನ ಕಂಪನಗಳು) ಅದಕ್ಕೆ ಕೇಳಿಸುತ್ತವೆ. ಹಾಡು ಎ ಶ್ರುತಿಯದಾದರೆ 55 ಹರ್ಟ್ಸ್ ಇಡಿ. ಸಿ ಶಾರ್ಪ್ ಆದರೆ ಷಡ್ಜ ಒಂದೋ 35ಕ್ಕೆ ಬರುತ್ತದೆ, ಇಲ್ಲವೇ 69ಕ್ಕೆ. ಒಂದು ತೀರಾ ತಗ್ಗು, ಇನ್ನೊಂದು ಕಿಕ್‌ಗೆ ಸ್ವಲ್ಪ ಹೆಚ್ಚು. ಅಲ್ಲಿ ಪಂಚಮ ಹಿಡಿಯಿರಿ, 52 ಹರ್ಟ್ಸ್. ಷಡ್ಜದಲ್ಲಿ ನಡೆಯುವ ಬೇಸ್ ಜೊತೆ ಅದು ಜಗಳವಾಡುವುದಿಲ್ಲ.

ಈಗ ಪಿಚ್ ಎನ್ವೆಲಪ್, ಅಂದರೆ ಪೆಟ್ಟಿನ ನಂತರ ಪಿಚ್ ಹೇಗೆ ಬದಲಾಗಬೇಕೆಂದು ಹೇಳುವ ಭಾಗ. ಪೆಟ್ಟು ಬಿದ್ದ ಕ್ಷಣ ಪಿಚ್ 200ರಿಂದ 250 ಹರ್ಟ್ಸ್‌ನಲ್ಲಿ ಶುರುವಾಗಬೇಕು, ಅಂದರೆ ಮೂಲಕ್ಕಿಂತ ಎರಡು ಸ್ಥಾಯಿಯಷ್ಟು ಮೇಲೆ. ಅಲ್ಲಿಂದ 30–50 ಮಿಲಿಸೆಕೆಂಡಿನಲ್ಲಿ ಕೆಳಗೆ ಬಂದು ನಿಲ್ಲಬೇಕು. ನಿಮ್ಮ ‘ಪ್ಯೂಂ’ ಹುಟ್ಟುತ್ತಿರುವುದು ಇಲ್ಲೇ. 50 ಹರ್ಟ್ಸ್‌ನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು. ಪಿಚ್ಚಿನ ಇಳಿತ ಇಂಥ ಎರಡು ಆವರ್ತದೊಳಗೆ ಮುಗಿದರೆ ಕಿವಿಗೆ ಅದು ಇಳಿತ ಅನ್ನಿಸುವುದಿಲ್ಲ, ಪೆಟ್ಟು ಅನ್ನಿಸುತ್ತದೆ. 100 ಮಿಲಿಸೆಕೆಂಡ್ ದಾಟಿದರೆ ಸ್ವರ ಜಾರುವುದು ಕೇಳಿಸಲು ಶುರುವಾಗುತ್ತದೆ. 10ಕ್ಕಿಂತ ಕಡಿಮೆಯಾದರೆ ಬರೀ ‘ಟಿಕ್’ ಉಳಿಯುತ್ತದೆ. ಎನ್ವೆಲಪ್‌ನ ವಕ್ರ ಆರಿಸುವ ಸೌಲಭ್ಯ ಇದ್ದರೆ ಎಕ್ಸ್‌ಪೊನೆನ್ಷಿಯಲ್ ಇಡಿ. ಲೀನಿಯರ್‌ನಲ್ಲಿ ಎಷ್ಟು ಚಿಕ್ಕದು ಮಾಡಿದರೂ ಕಿಕ್ ಕೊಂಚ ರಬ್ಬರಿನಂತೆಯೇ ಇರುತ್ತದೆ. ಅಂದಹಾಗೆ ಆ ‘ಪ್ಯೂಂ’ ತಪ್ಪು ಸದ್ದೇನಲ್ಲ. 1981ರ ಸಿಮನ್ಸ್ ಎಸ್‌ಡಿಎಸ್-ವಿ, ಅಂದರೆ ಷಟ್ಕೋನದ ಪ್ಯಾಡಿನ ಆ ಡ್ರಮ್, ಹೆಸರು ಮಾಡಿದ್ದೇ ಉದ್ದಕ್ಕೆ ಜಾರುವ ಟಾಮ್‌ನಿಂದ. ಮೂಲ ಪಿಚ್ಚನ್ನು 100 ಹರ್ಟ್ಸ್‌ಗೆ ಏರಿಸಿ, ಪಿಚ್ ಡಿಕೇ (ಇಳಿಯಲು ಹಿಡಿಯುವ ಸಮಯ) 250 ಮಿಲಿಸೆಕೆಂಡ್ ಮಾಡಿದರೆ ಅದೇ ಟಾಮ್ ಬರುತ್ತದೆ.

ಸದ್ದಿನ ಎನ್ವೆಲಪ್‌ಗೆ ಅಟ್ಯಾಕ್ (ಸದ್ದು ಏರುವ ಸಮಯ) ಸೊನ್ನೆ, ಡಿಕೇ 250–350 ಮಿಲಿಸೆಕೆಂಡ್. ಮುಂದಿನ ಡಿಕೇಗಳೂ ಮಿಲಿಸೆಕೆಂಡಿನಲ್ಲೇ. 60,000ವನ್ನು ನಿಮ್ಮ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟಿನ ಉದ್ದ ಸಿಗುತ್ತದೆ. 120ಕ್ಕೆ 500 ಮಿಲಿಸೆಕೆಂಡ್, 140ಕ್ಕೆ ಸುಮಾರು 429. ಪ್ರತಿ ಬೀಟಿಗೂ ಕಿಕ್ ಇದ್ದರೆ ಡಿಕೇ ಅದರೊಳಗೇ ಮುಗಿಯಬೇಕು, ಇಲ್ಲವಾದರೆ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದು ತಗ್ಗಿನ ಭಾಗವೆಲ್ಲ ಕಲಸಿಹೋಗುತ್ತದೆ.

ಕಿಕ್‌ನಲ್ಲಿ ಇನ್ನೆರಡು ಉಪದ್ರವಗಳಿವೆ. ಒಂದೊಂದು ಪೆಟ್ಟಿಗೂ ಕ್ಲಿಕ್ ಬೇರೆಬೇರೆಯಾಗಿ ಕೇಳಿಸಿದರೆ ಆಸಿಲೇಟರ್ ತನ್ನಪಾಡಿಗೆ ಓಡುತ್ತಿದೆ ಎಂದರ್ಥ. ಪ್ರತಿ ಸಲವೂ ತರಂಗದ ಬೇರೆ ಜಾಗದಿಂದ ಸದ್ದು ಶುರುವಾಗುತ್ತದೆ. ಟ್ರಿಗರ್ (ಪೆಟ್ಟಿನ ಸಂಕೇತ) ಬಂದಾಗ ಆಸಿಲೇಟರ್ ರೀಸೆಟ್ ಆಗುವ ಸ್ವಿಚ್ ಇದ್ದರೆ ಹಾಕಿ. ಇಲ್ಲದಿದ್ದರೆ ಅಟ್ಯಾಕನ್ನು 1–2 ಮಿಲಿಸೆಕೆಂಡಿಗೆ ಏರಿಸಿ, ಕ್ಲಿಕ್ಕನ್ನು 3–5 ಮಿಲಿಸೆಕೆಂಡಿನ, ಸ್ವರವಿಲ್ಲದೆ ಉಸುಗುಟ್ಟುವ ನಾಯ್ಸ್‌ನಿಂದ ಪ್ರತ್ಯೇಕವಾಗಿ ಕೊಡಿ. ಇನ್ನೊಂದು, ಹೆಡ್‌ಫೋನಿನಲ್ಲಿ ಗುದ್ದುವ ಕಿಕ್ ಫೋನಿನಲ್ಲಿ ಮಾಯವಾಗುವುದು. ಅಷ್ಟು ಪುಟ್ಟ ಸ್ಪೀಕರಿನಿಂದ 50 ಹರ್ಟ್ಸ್ ಹೊರಡುವುದೇ ಇಲ್ಲ, ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಸ್ವಲ್ಪ ಡ್ರೈವ್ (ಸದ್ದನ್ನು ಒರಟಾಗಿಸುವ ಸೌಲಭ್ಯ) ಹಾಕಿದರೆ 150, 250ರಲ್ಲಿ ಹಾರ್ಮೋನಿಕ್ ಹುಟ್ಟಿ ಕಿವಿಗೆ ಸುಳಿವು ಸಿಗುತ್ತದೆ. ಡ್ರೈವ್ ಆಂಪ್ಲಿಫೈಯರ್ ನಂತರ ಬರಲಿ. ಆಗ ಪೆಟ್ಟು ಮಾತ್ರ ಒರಟಾಗುತ್ತದೆ, ಸದ್ದು ತಗ್ಗಿದಂತೆ ಬಾಲ ತಿಳಿಯಾಗುತ್ತದೆ.

ಟಿಆರ್-808ರ ಆ ಉದ್ದದ ‘ಧೂಂ’ ಬೇಕಿದ್ದರೆ ದಾರಿ ಬೇರೆ. 1980ರ ಆ ರೋಲ್ಯಾಂಡ್ ಯಂತ್ರದ ಕಿಕ್‌ನಲ್ಲಿ ಸದಾ ಓಡುವ ಆಸಿಲೇಟರೇ ಇಲ್ಲ. ಒಂದು ಅನುರಣಕ ಸರ್ಕ್ಯೂಟಿಗೆ ಪಲ್ಸಿನ ಏಟು ಬೀಳುತ್ತದೆ, ಗಂಟೆಯ ಹಾಗೆ ಅದು ತಾನೇ ಮೊಳಗಿ ಆರುತ್ತದೆ. ನಿಮ್ಮ ಫಿಲ್ಟರ್ ಸ್ವಯಂ ಆಸಿಲೇಟ್ ಆಗುವಂಥದ್ದಾದರೆ (ತಾನೇ ಸ್ವರ ಹೊರಡಿಸುವಂಥದ್ದು), ರೆಸೊನೆನ್ಸನ್ನು (ಕಟಾಫ್ ಬಳಿ ಸದ್ದು ಉಬ್ಬುವ ಪ್ರಮಾಣ) ಅದು ಕೂಗಲು ಶುರುಮಾಡುವ ಬಿಂದುವಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ, ಕಟಾಫ್ (ಫಿಲ್ಟರ್ ಕತ್ತರಿಸಲು ಶುರುಮಾಡುವ ಕಂಪನ) 50 ಹರ್ಟ್ಸ್‌ಗೆ ತಂದು, 1–2 ಮಿಲಿಸೆಕೆಂಡಿನ ಪಲ್ಸ್ ಒಳಗೆ ಬಿಡಿ. ಆಗ ರೆಸೊನೆನ್ಸ್ ನಾಬೇ ಡಿಕೇ ನಾಬ್.

ಸ್ನೇರ್ ಉಸುಗುಟ್ಟುವುದಕ್ಕೆ ಕಾರಣ ನಾಯ್ಸ್ ಮತ್ತು ಸ್ವರ ಒಂದೇ ಎನ್ವೆಲಪ್‌ನಲ್ಲಿ ಓಡುತ್ತಿರುವುದು, ಅದರಲ್ಲೂ ನಾಯ್ಸ್ ಮಿತಿಮೀರಿರುವುದು. ನಿಜವಾದ ಸ್ನೇರಿನಲ್ಲಿ ಏಟು ಬೀಳುವುದು ಮೇಲಿನ ಹಾಳೆಗೆ, ತಂತಿಗಳಿರುವುದು ಕೆಳಗಿನ ಹಾಳೆಗೆ. ಹಾಳೆಯ ಸ್ವರ ಆರಿದ ಮೇಲೂ ತಂತಿ ಕ್ಷಣಕಾಲ ಜರ್ ಎನ್ನುತ್ತದೆ. ಹಾಗಾಗಿ ಎರಡು ಆಸಿಲೇಟರ್ 180 ಮತ್ತು 330 ಹರ್ಟ್ಸ್‌ಗೆ, ಡಿಕೇ 80–100. ನಾಯ್ಸನ್ನು 1,500 ಹರ್ಟ್ಸ್‌ನ ಹೈಪಾಸ್ (ಮೇಲಿನ ಕಂಪನಗಳನ್ನು ಮಾತ್ರ ಬಿಡುವ ಫಿಲ್ಟರ್) ಮೂಲಕ ಕಳಿಸಿ, ಅದಕ್ಕೆ ಡಿಕೇ 150–200. ಮೊದಲು ಸ್ವರವನ್ನು ಮಾತ್ರ ಕೇಳಿ ಸರಿಮಾಡಿ, ಆಮೇಲೆ ನಾಯ್ಸ್ ಏರಿಸುತ್ತಾ ಹೋಗಿ. ಸ್ವರ ಮುಚ್ಚಿಹೋಗುವ ಮೊದಲೇ ನಿಲ್ಲಿಸಿ. ಎನ್ವೆಲಪ್ ಒಂದೇ ಇದ್ದರೆ ಎರಡನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಬೆರೆಸುವುದೇ ಗತಿ.

ಚಪ್ಪಾಳೆಯೂ ನಾಯ್ಸೇ, 1 ಕಿಲೋಹರ್ಟ್ಸ್‌ನ ಸುತ್ತಲಿನದನ್ನು ಮಾತ್ರ ಬಿಡುವ ಬ್ಯಾಂಡ್‌ಪಾಸ್‌ ಫಿಲ್ಟರಿನಲ್ಲಿ. 10 ಮಿಲಿಸೆಕೆಂಡ್ ಅಂತರದಲ್ಲಿ ಮೂರು ಸಣ್ಣ ಸಿಡಿತ, ನಂತರ 100–150ರ ಬಾಲ. ಸಿಡಿತಗಳನ್ನು 100 ಹರ್ಟ್ಸ್‌ನ ಸಾಟೂತ್ ಎಲ್‌ಎಫ್‌ಒ (ಸದ್ದಿಗಲ್ಲ, ಬೇರೆ ಭಾಗವನ್ನು ಅಲುಗಿಸಲು ಬಳಸುವ ನಿಧಾನದ ಆಸಿಲೇಟರ್) ಕೊಡುತ್ತದೆ.

ಹೈಹ್ಯಾಟ್‌ಗೆ ನಾಯ್ಸ್ ಸಾಲದು. ಲೋಹದ ತಟ್ಟೆಯಲ್ಲಿ ಒಂದಕ್ಕೊಂದು ಹೊಂದದ ಕಂಪನಗಳು ದಟ್ಟವಾಗಿರುತ್ತವೆ. 808 ಇದಕ್ಕೆ ಆರು ಸ್ಕ್ವೇರ್ ಆಸಿಲೇಟರುಗಳನ್ನು ಬಳಸಿತು, ಸುಮಾರು 205, 304, 370, 523, 540, 800 ಹರ್ಟ್ಸ್. ಕೊನೆಯ ಎರಡನ್ನು ಮಾತ್ರ ಆರಿಸಿ ಬ್ಯಾಂಡ್‌ಪಾಸ್ ಮಾಡಿದರೆ ಅದೇ ಯಂತ್ರದ ಕೌಬೆಲ್. ನಿಮ್ಮಲ್ಲಿ ಎರಡೇ ಆಸಿಲೇಟರ್ ಇದ್ದರೆ ಎರಡೂ ಸ್ಕ್ವೇರ್ ಇಟ್ಟು, 1:1.41 ಅನುಪಾತಕ್ಕೆ ತಂದು, ಒಂದರಿಂದ ಇನ್ನೊಂದಕ್ಕೆ ಎಫ್‌ಎಂ (ಒಂದರ ತರಂಗ ಇನ್ನೊಂದರ ಪಿಚ್ಚನ್ನು ಅಲುಗಿಸುವುದು) ಧಾರಾಳವಾಗಿ ಕೊಡಿ. 7 ಕಿಲೋಹರ್ಟ್ಸ್‌ನ ಹೈಪಾಸ್ ಆಮೇಲೆ. ಮುಚ್ಚಿದ ಹ್ಯಾಟ್‌ಗೆ ಡಿಕೇ 40–60, ತೆರೆದದ್ದಕ್ಕೆ 300–500, ಮುಚ್ಚಿದ್ದು ಬಂದಾಗ ತೆರೆದದ್ದು ಕತ್ತರಿಸಿಕೊಳ್ಳಬೇಕು.

ಮೃದಂಗಕ್ಕೆ ಇದು ಉಲ್ಟಾ. ಸಾದಾ ಚರ್ಮದ ವಾದ್ಯದಲ್ಲಿ ಮೇಲಿನ ಕಂಪನಗಳು ಮೂಲದ 1.59, 2.14, 2.30 ಪಟ್ಟು ಇರುತ್ತವೆ, ಹೊಂದಿಕೆಯಿಲ್ಲ. ಮೃದಂಗ, ತಬಲಾಗಳಲ್ಲಿ ಕರಣೆಯ (ನಡುವಿನ ಕಪ್ಪು ಲೇಪದ) ಭಾರದಿಂದ ಅವು 1, 2, 3, 4, 5ಕ್ಕೆ ಕೂಡಿಕೊಳ್ಳುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತರಿಸಿದರು. ಆದ್ದರಿಂದ ಮೃದಂಗದ ಬಲಮುಖಕ್ಕೆ ಆಸಿಲೇಟರುಗಳನ್ನು ನಿಖರವಾಗಿ 1:2ಕ್ಕೆ ಇಡಿ. ಸಿ ಶಾರ್ಪ್ ಆದರೆ 277 ಮತ್ತು 554. ಎರಡನೆಯದರ ಡಿಕೇ ಕೊಂಚ ಕಡಿಮೆ. ಮೊಳಗುವ ‘ನಂ’ ಪೆಟ್ಟಿಗೆ ಡಿಕೇ 400–600, ಮೊಟಕಾದ ‘ತ’ಗೆ 40–60, ಬೆರಳಿನ ಏಟಿಗೆ 3 ಕಿಲೋಹರ್ಟ್ಸ್ ಸುತ್ತ 4 ಮಿಲಿಸೆಕೆಂಡಿನ ನಾಯ್ಸ್. ಪಿಚ್ ಎನ್ವೆಲಪ್ ಬಲಕ್ಕೆ ಬೇಡವೇ ಬೇಡ, ಹಾಕಿದರೆ ತಕ್ಷಣ ಟಾಮ್ ಆಗಿಬಿಡುತ್ತದೆ.

ಎಡಮುಖಕ್ಕೆ ವಾದಕರು ರವೆ ಮೆತ್ತಿ ಸ್ವರ ಇಳಿಸುತ್ತಾರೆ, ನೀವು 75–90 ಹರ್ಟ್ಸ್‌ನ ಸೈನ್ ಇಟ್ಟರಾಯಿತು. ಗುಮ್ಕಿಗೆ (ಎಡಗೈ ಒತ್ತಿ ಸ್ವರ ಜಾರಿಸುವ ಪೆಟ್ಟು) ಪಿಚ್ ಮೇಲಕ್ಕೆ ಜಾರಬೇಕು. ಪಿಚ್ ಎನ್ವೆಲಪ್‌ನ ನಾಬನ್ನು ನಡುವಿನಿಂದ ಎಡಕ್ಕೆ, ಋಣದ ಕಡೆ ತಿರುಗಿಸಿ, ಡಿಕೇ 120–200. ಇಲ್ಲಿ ಜಾರುವುದು ಕಿವಿಗೆ ಬೀಳಲೇಬೇಕು, ಹಾಗಾಗಿ ಕಿಕ್‌ನಲ್ಲಿ ತಪ್ಪಿಸಿದ 100 ಮಿಲಿಸೆಕೆಂಡಿನ ಗಡಿಯನ್ನು ಬೇಕೆಂದೇ ದಾಟುತ್ತಿದ್ದೀರಿ. ಬಲಮುಖದ ಚಾಪು ಪೆಟ್ಟಿನ ಆ ಝೇಂಕಾರ ಮಾತ್ರ ಎರಡು ಆಸಿಲೇಟರಿಗೆ ದಕ್ಕುವುದಿಲ್ಲ, ಅದಕ್ಕೆ ಸ್ಯಾಂಪಲ್ (ರೆಕಾರ್ಡ್ ಮಾಡಿದ ನಿಜವಾದ ಸದ್ದು) ಬಳಸಿ.