ಓದುಗರ ಪ್ರಶ್ನೆ, ನಮ್ಮ ಉತ್ತರ: ರೇಸ್ ಕಾರಿಗೆ ಕೊಕ್ಕೆ ಹಾಕುವ ಕೈಗಳು

ಪ್ರಶ್ನೆ: ನಾವು ಐವರು ಗೆಳೆಯರು ಸೇರಿ ಕಾಮಾಕ್ಷಿಪಾಳ್ಯದ ಸಣ್ಣ ಗ್ಯಾರೇಜೊಂದರಲ್ಲಿ ಫಾರ್ಮುಲಾ ಮಾದರಿಯ (ಒಬ್ಬರೇ ಕೂರುವ, ಚಕ್ರಗಳು ಹೊರಗೆ ತೆರೆದಿರುವ) ಒಂದು ರೇಸ್ ಕಾರನ್ನು ಇಟ್ಟುಕೊಂಡು, ವರ್ಷಕ್ಕೆ ಸ್ಪರ್ಧೆಯ ಮೂರು ನಾಲ್ಕು ಸುತ್ತುಗಳಲ್ಲಿ ಭಾಗವಹಿಸುತ್ತೇವೆ. ಹೋದ ವರ್ಷ ಒಂದು ಟ್ರ್ಯಾಕಿನಲ್ಲಿ ನಮ್ಮ ಕಾರು ತಿರುವಿನಲ್ಲಿ ಹಿಡಿತ ತಪ್ಪಿ ಜಲ್ಲಿಯೊಳಗೆ ಹೂತುಕೊಂಡಿತು. ಕೆಟ್ಟು ನಿಂತ ಕಾರುಗಳನ್ನು ತರುವ ರಿಕವರಿ ಗಾಡಿಯವರು, ಮುಂದಿನ ಚಕ್ರವನ್ನು ಕಾರಿಗೆ ಜೋಡಿಸುವ ಸಸ್ಪೆನ್ಷನ್ ಆರ್ಮ್‌ಗೆ ಬೆಲ್ಟ್ ಸುತ್ತಿ ಎಳೆದಿದ್ದರಿಂದ ಅದು ಬಾಗಿ, ಮರುದಿನದ ರೇಸ್ ನಮ್ಮ ಕೈತಪ್ಪಿತು. ನಮ್ಮವನೊಬ್ಬ ಎಲ್ಲರೆದುರು ಅವರನ್ನು ಬೈದ. ಮುಂದಿನ ಸುತ್ತಿನಲ್ಲಿ ಅದೇ ಗಾಡಿಯವರು ಎಲ್ಲ ಕಾರುಗಳನ್ನೂ ತಂದ ಮೇಲೆ ನಮ್ಮದನ್ನು ತಂದರು. ತಪ್ಪು ಯಾರದು? ಇದನ್ನು ಸರಿಪಡಿಸುವ ದಾರಿಯಿದೆಯೇ?
– ಕಾಮಾಕ್ಷಿಪಾಳ್ಯದ ಓದುಗರು

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನಿಮ್ಮನ್ನು ಕೇಳಬೇಕೆನಿಸಿದ್ದು ಒಂದೇ ಮಾತು: ನಿಮ್ಮ ಕಾರಿನಲ್ಲಿ ಬೆಲ್ಟ್ ಹಾಕಬೇಕಾದ ಜಾಗ ಯಾವುದೆಂದು ರೇಸಿಗೆ ಮೊದಲೇ ಆ ಗಾಡಿಯ ಹುಡುಗರಿಗೆ ಯಾರಾದರೂ ತೋರಿಸಿದ್ದಿರಾ? ತೋರಿಸಿದ್ದರೆ ತಪ್ಪು ಬಹುಪಾಲು ಅವರದು. ತೋರಿಸದೇ ಇದ್ದರೆ ಆ ತಪ್ಪಿನಲ್ಲಿ ಅರ್ಧ, ಕಾರನ್ನು ಸಿದ್ಧಪಡಿಸುವ ನಿಮ್ಮ ಪಿಟ್‌ನಲ್ಲಿಯೇ ಆಗಿಹೋಗಿತ್ತು ಎಂದು ನಾನು ಹೇಳಬೇಕಾಗುತ್ತದೆ.

ಒಂದು ವಾರಾಂತ್ಯದಲ್ಲಿ ರಿಕವರಿ ಗಾಡಿಯವರ ಕೈಗೆ ಸಲೂನ್ ಕಾರು (ರಸ್ತೆ ಕಾರಿನಂಥ ರೇಸ್ ಕಾರು), ಫಾರ್ಮುಲಾ ಕಾರು, ಬೈಕು ಎಲ್ಲವೂ ಬರುತ್ತವೆ. ನೀವು ತಿಂಗಳುಗಟ್ಟಲೆ ನಟ್ಟು ಬೋಲ್ಟು ಸಮೇತ ಬಲ್ಲ ಕಾರನ್ನು ಅವರು ಮೊದಲ ಬಾರಿ ಹತ್ತಿರದಿಂದ ನೋಡುವುದೇ ಅದು ಜಲ್ಲಿಯಲ್ಲಿ ಹೂತು, ಬಿಸಿಯಾಗಿ, ಕೆಲವೊಮ್ಮೆ ಹೊಗೆಯಾಡುತ್ತಿರುವಾಗ. ಬೆನ್ನ ಹಿಂದೆ ಉಳಿದ ಕಾರುಗಳು, ಮುಂದೆ ಅಪಾಯವಿದೆ, ವೇಗ ತಗ್ಗಿಸಿ ಎನ್ನುವ ಹಳದಿ ಬಾವುಟವನ್ನು ಪಾಲಿಸುತ್ತವೆ ಎಂಬ ನಂಬಿಕೆಯೊಂದನ್ನೇ ಹಿಡಿದು ಅವರು ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಸೆಷನ್ ಮತ್ತೆ ಆರಂಭಿಸಬೇಕೆಂದು ರೇಡಿಯೋದಲ್ಲಿ ಒತ್ತಾಯವೂ ಬರುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಕಣ್ಣಿಗೆ ಮೊದಲು ಬೀಳುವ ಗಟ್ಟಿ ಕಬ್ಬಿಣಕ್ಕೆ ಬೆಲ್ಟ್ ಸುತ್ತುವುದು ಮನುಷ್ಯಸಹಜ. ನಿಮ್ಮ ಕಾರಿನಲ್ಲಿ ಹಾಗೆ ಕಣ್ಣಿಗೆ ಬಿದ್ದದ್ದು ಸಸ್ಪೆನ್ಷನ್ ಆರ್ಮ್.

ಇದಕ್ಕಾಗಿಯೇ ನಿಯಮಗಳಿವೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ, ರಸ್ತೆ ಕಾರುಗಳನ್ನು ಆಧರಿಸಿದ ರೇಸ್ ಕಾರುಗಳಿಗೆ ಮುಂದೆ ಒಂದು, ಹಿಂದೆ ಒಂದು ಎಳೆಯುವ ಕೊಂಡಿ ಇರಬೇಕೆಂದೂ, ಅದಕ್ಕೆ ಹಳದಿ, ಕೆಂಪು ಅಥವಾ ಕಿತ್ತಳೆ ಬಣ್ಣ ಬಳಿದು ಎದ್ದು ಕಾಣುವಂತೆ ಇರಿಸಬೇಕೆಂದೂ ಹೇಳುತ್ತದೆ. ಕರೆಂಟ್ ಕಡಿಯುವ ಸ್ವಿಚ್ಚನ್ನು ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚಿನ ಗುರುತೂ, ಬೆಂಕಿ ನಂದಿಸುವ ಸಾಧನದ ಹಿಡಿಯನ್ನು ಕೆಂಪು ಅಂಚಿನ ಬಿಳಿ ವೃತ್ತದೊಳಗಿನ ‘ಇ’ ಅಕ್ಷರವೂ ತೋರಿಸಬೇಕು. ರೇಸಿಗೆ ಮುಂಚಿನ ತಪಾಸಣೆಯಾದ ಸ್ಕ್ರೂಟಿನಿ ದಾಟಿಸುವ ಸಲುವಾಗಿ ಅಂಟಿಸುವ ಸ್ಟಿಕ್ಕರುಗಳೆಂದು ನಮ್ಮಲ್ಲಿ ಅನೇಕರು ಇವುಗಳನ್ನು ಭಾವಿಸಿದ್ದಾರೆ. ವಾಸ್ತವದಲ್ಲಿ ಅವು ನಿಮ್ಮ ಕಾರಿನ ಪರಿಚಯವೇ ಇಲ್ಲದ ಒಬ್ಬ ಮನುಷ್ಯನಿಗೆ ನೀವು ಬರೆದ ಪತ್ರ. ಕೊಂಡಿ ಹಿಡಿದು ಎಳೆಯುವುದು ಚಕ್ರಗಳು ಸರಾಗವಾಗಿ ಉರುಳುವಾಗ ಮಾತ್ರ ಎಂಬ ಮಾತೂ ಅದೇ ನಿಯಮದಲ್ಲಿದೆ. ಕಾರು ಜಲ್ಲಿಯಲ್ಲಿ ಹೂತಿದ್ದರೆ ಅದನ್ನು ಎತ್ತಬೇಕು. ಫಾರ್ಮುಲಾ ಕಾರಾದರೆ ಚಾಲಕನ ತಲೆಯ ಹಿಂದಿರುವ, ಕಾರು ಮಗುಚಿದರೆ ಅವನನ್ನು ಕಾಯುವ ಕಮಾನಿಗೆ, ಅಂದರೆ ರೋಲ್ ಹೂಪಿಗೆ ಬೆಲ್ಟ್ ಹಾಕಿ ಎತ್ತುವುದು ರೂಢಿ. ಆದ್ದರಿಂದ ಆರ್ಮ್‌ಗೆ ಬೆಲ್ಟ್ ಹಾಕಿ ಎಳೆದದ್ದು ಸರಿಯಲ್ಲ ಎಂಬ ನಿಮ್ಮ ದೂರಿನಲ್ಲಿ ಸತ್ಯವಿದೆ. ಅವರು ಒಂದು ಕ್ಷಣ ತಡೆದು ಚಾಲಕನನ್ನು ಕೇಳಬೇಕಿತ್ತು.

ಆದರೆ ಚಾಲಕನೂ ಅಲ್ಲಿರಬೇಕಲ್ಲ! ಕಾರು ನಿಂತ ಕೂಡಲೇ ಹೆಲ್ಮೆಟ್ ಕಿತ್ತು, ಸ್ಟೀರಿಂಗ್ ಚಕ್ರವನ್ನು ಎತ್ತ ಬೇಕಾದರತ್ತ ಎಸೆದು, ದುಮುಗುಡುತ್ತಾ ನಡೆದುಹೋಗುವ ಹುಡುಗರನ್ನು ಬಾವುಟ ಹಿಡಿದು ನಿಂತ ವರ್ಷಗಳಲ್ಲಿ ನಾನು ಬಹಳ ಕಂಡಿದ್ದೇನೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಸ್ಟೀರಿಂಗ್ ಇಲ್ಲದ, ಗೇರಿನಲ್ಲಿಯೇ ಉಳಿದ ಕಾರನ್ನು ಸರಿಸುವವರ ಪಾಡು ಏನು? ಫಾರ್ಮುಲಾ ಒನ್‌ನಲ್ಲಿ ಕಾರು ಬಿಟ್ಟು ಇಳಿಯುವ ಚಾಲಕ ಗೇರನ್ನು ನ್ಯೂಟ್ರಲ್‌ಗೆ ತಂದು, ಸ್ಟೀರಿಂಗನ್ನು ಮರಳಿ ಅದರ ಜಾಗದಲ್ಲಿ ಕೂರಿಸಿಯೇ ಹೋಗಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ನಿಮ್ಮ ಚಾಲಕನಿಗೂ ಇದನ್ನು ಅಭ್ಯಾಸ ಮಾಡಿಸಿ. ಬೆಂಕಿ ಹತ್ತಿದ್ದರೆ ಅಥವಾ ಕಾರು ಅಪಾಯದ ಜಾಗದಲ್ಲಿದ್ದು, ಟ್ರ್ಯಾಕಿನ ಸುರಕ್ಷತಾ ಸಿಬ್ಬಂದಿಯಾದ ಮಾರ್ಷಲ್‌ಗಳು ಇಳಿಯಲು ಸನ್ನೆ ಮಾಡಿದರೆ ಮಾತ್ರ ತಕ್ಷಣ ಇಳಿಯಬೇಕು. ಇಲ್ಲವಾದರೆ ಅವರು ಬರುವ ತನಕ ಸೀಟ್ ಬೆಲ್ಟ್ ಬಿಚ್ಚದೆ ಕೂತಿದ್ದು, ಬಂದವರಿಗೆ ಎಳೆಯುವ ಬೆಲ್ಟ್ ಎಲ್ಲಿ ಹಾಕಬೇಕೆಂದು ಬೆರಳು ಮಾಡಿ ತೋರಿಸಬೇಕು. 2014ರ ಆಗಸ್ಟ್ 9ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮಣ್ಣಿನ ಟ್ರ್ಯಾಕೊಂದರಲ್ಲಿ, ಕಾರು ಗೋಡೆಗೆ ತಾಗಿ ನಿಂತ ಬಳಿಕ ಕೆಳಗಿಳಿದು ಟ್ರ್ಯಾಕಿನ ಮೇಲೆ ನಡೆದುಬಂದ 20 ವರ್ಷದ ಚಾಲಕನೊಬ್ಬ ಇನ್ನೊಂದು ಕಾರಿಗೆ ಸಿಕ್ಕಿ ಸತ್ತ. ಸಹಾಯಕ ಸಿಬ್ಬಂದಿ ಬಂದು ಹೇಳುವವರೆಗೆ ಚಾಲಕರು ಕಾರಿನೊಳಗೆ ಇರಬೇಕೆಂದು ಅಮೆರಿಕದ ಕಾರ್ ರೇಸ್ ಸಂಸ್ಥೆಯಾದ ನ್ಯಾಸ್ಕಾರ್ ಅದಾದ ಕೆಲವೇ ದಿನಗಳಲ್ಲಿ ನಿಯಮ ಮಾಡಿತು.

ಅದೇ ವರ್ಷ ಅಕ್ಟೋಬರ್ 5ರಂದು ಜಪಾನಿನ ಸುಜುಕಾದ ಫಾರ್ಮುಲಾ ಒನ್ ರೇಸಿನಲ್ಲಿ ನಡೆದದ್ದನ್ನು ನಿಮ್ಮ ತಂಡದ ಐವರೂ ನೆನಪಿಡಬೇಕು. ಮಳೆಯಲ್ಲಿ ಜಾರಿ ನಿಂತಿದ್ದ ಏಡ್ರಿಯನ್ ಸುಟಿಲ್ ಅವರ ಕಾರನ್ನು ಎತ್ತುತ್ತಿದ್ದ ರಿಕವರಿ ವಾಹನಕ್ಕೆ, ಮರುಸುತ್ತಿನಲ್ಲಿ ಅದೇ ಜಾಗದಲ್ಲಿ ಜಾರಿದ ಜೂಲ್ಸ್ ಬಿಯಾಂಕಿ ಅವರ ಕಾರು ಅಪ್ಪಳಿಸಿತು. ಜೋಡಿ ಹಳದಿ ಬಾವುಟ ಆಡುತ್ತಿದ್ದಾಗಲೇ ಅದು ಸಂಭವಿಸಿತು. ಒಂಬತ್ತು ತಿಂಗಳ ಬಳಿಕ, 2015ರ ಜುಲೈ 17ರಂದು, ಬಿಯಾಂಕಿ ತೀರಿಕೊಂಡರು. ಎಲ್ಲ ಕಾರುಗಳ ವೇಗವನ್ನೂ ಏಕಕಾಲಕ್ಕೆ ತಗ್ಗಿಸುವ ವರ್ಚುವಲ್ ಸೇಫ್ಟಿ ಕಾರ್ ವ್ಯವಸ್ಥೆ ಆ ವರ್ಷವೇ ಜಾರಿಗೆ ಬಂದಿತು. ಆ ದಿನ ಆ ವಾಹನದ ಸುತ್ತ ಮಾರ್ಷಲ್‌ಗಳೂ ನಿಂತಿದ್ದರು. ಹಳದಿ ಬಾವುಟಕ್ಕೆ ವೇಗ ತಗ್ಗಿಸುವುದೇ ಚಾಲಕ ಆ ಜನರಿಗೆ ಕೊಡಬಹುದಾದ ಮೊದಲ ಗೌರವ. ವಂದನೆಯ ಮಾತು, ನಗು, ಚಹಾ ಎಲ್ಲವೂ ಅದರ ನಂತರದವು.

ಇನ್ನು ನಿಮ್ಮ ಹುಡುಗನ ಬೈಗುಳದ ವಿಚಾರ. ನಾವು ಬೆಂಗಳೂರಿನವರು ‘ಟೋಯಿಂಗ್’ ಎಂಬ ಪದವನ್ನೇ ಸಿಟ್ಟಿನೊಂದಿಗೆ ಕಲಿತವರು. ಅಂಗಡಿಯಿಂದ ಹೊರಬರುವಷ್ಟರಲ್ಲಿ ಬೈಕು ಮಾಯವಾದ ಅನುಭವ ಇಲ್ಲಿ ಮನೆಮನೆಯಲ್ಲಿದೆ. ಸಾರ್ವಜನಿಕರ ದೂರುಗಳು ಹೆಚ್ಚಿ 2022ರ ಫೆಬ್ರವರಿಯಲ್ಲಿ ನಗರದಲ್ಲಿ ಟೋಯಿಂಗನ್ನು ನಿಲ್ಲಿಸಿದ್ದೂ ನಿಮಗೆ ನೆನಪಿರಬಹುದು. ಆ ಕೋಪವನ್ನು ಟ್ರ್ಯಾಕಿಗೆ ಹೊತ್ತೊಯ್ಯಬಾರದು. ಬೀದಿಯಲ್ಲಿ ಕೊಕ್ಕೆ ಹಾಕುವವನು ನಿಮ್ಮ ಗಾಡಿಯನ್ನು ನಿಮ್ಮಿಂದ ಒಯ್ಯುತ್ತಾನೆ. ಟ್ರ್ಯಾಕಿನಲ್ಲಿ ಕೊಕ್ಕೆ ಹಾಕುವವನು ಅದನ್ನು ನಿಮ್ಮ ಬಳಿಗೆ ತರುತ್ತಾನೆ.

ಮುಂದಿನ ಸುತ್ತಿಗೆ ಹೋದಾಗ, ಅಭ್ಯಾಸದ ದಿನ ಸಂಜೆ, ಬೈದ ಹುಡುಗನನ್ನೇ ಮುಂದಿಟ್ಟುಕೊಂಡು ರಿಕವರಿ ಗಾಡಿ ನಿಲ್ಲುವ ಜಾಗಕ್ಕೆ ಹೋಗಿ. ‘ಅಣ್ಣಾ, ಅವತ್ತು ನನ್ನ ಮಾತು ತಪ್ಪಾಯಿತು’ ಎಂದು ಅವನೇ ಹೇಳಲಿ. ಆರ್ಮ್ ಬಾಗಿದ ಕಥೆಯನ್ನು ಅಲ್ಲಿ ಎತ್ತಬೇಡಿ. ಬಳಿಕ ನಿಮ್ಮ ಕಾರಿನ ಎರಡು ಫೋಟೋ ಕೊಡಿ. ಎಲ್ಲಿ ಎತ್ತಬಹುದು ಎಂಬಲ್ಲಿ ಹಸಿರು ಬಾಣ, ಎಲ್ಲಿ ಮುಟ್ಟಬಾರದು ಎಂಬಲ್ಲಿ ಕೆಂಪು ಗುರುತು ಇರಲಿ. ಬಾಣವಾದರೆ ಭಾಷೆಯ ತೊಡಕಿಲ್ಲ. ಸಾಧ್ಯವಾದರೆ ಅವರಲ್ಲಿ ಇಬ್ಬರನ್ನು ಪಿಟ್‌ಗೆ ಕರೆದು, ಕಾರಿನ ಮೇಲೆಯೇ ಬೆಲ್ಟ್ ಹಾಕಿಸಿ ನೋಡಿ. ಅವರೂ ನಿಮಗೆ ಒಂದೆರಡು ವಿಷಯ ಹೇಳಿಯಾರು. ಬೆಲ್ಟ್ ತೂರುವಾಗ ಅಡ್ಡ ಬರುವ ಬಾಡಿ ತುಂಡು ಯಾವುದೆಂದು ಅವರಿಗೆ ಗೊತ್ತಾಗುವಷ್ಟು ಬೇಗ ನಮಗೆ ಗೊತ್ತಾಗುವುದಿಲ್ಲ.

ದುಡ್ಡನ್ನು ಮಾತ್ರ ಕೈಗೆ ತುರುಕಬೇಡಿ. ನೋಟು ಕೊಟ್ಟವರ ಕಾರು ಮೊದಲು ಬರುತ್ತದೆ ಎಂಬ ಮಾತು, ತಂಡಗಳೆಲ್ಲ ಬೀಡುಬಿಡುವ ಪ್ಯಾಡಾಕಿನಲ್ಲಿ ಹಬ್ಬಿದರೆ, ನಿಮಗಿಂತ ಬಡ ತಂಡವೊಂದರ ಕಾರು ಬಿಸಿಲಿನಲ್ಲಿ ಉಳಿಯುತ್ತದೆ. ಇನ್ನು, ನಿಮ್ಮ ಕಾರನ್ನು ಬೇಕೆಂದೇ ಕೊನೆಗೆ ತಂದರೆಂಬ ಅನುಮಾನ. ಯಾವ ಕಾರು ಮೊದಲು ಎಂಬುದನ್ನು ಸಾಮಾನ್ಯವಾಗಿ ರೇಸ್ ಕಂಟ್ರೋಲ್ ಅಪಾಯದ ಜಾಗವನ್ನು ನೋಡಿ ನಿರ್ಧರಿಸುತ್ತದೆ; ದೂರದ, ಸುರಕ್ಷಿತ ಜಾಗದಲ್ಲಿ ನಿಂತ ಕಾರು ಕೊನೆಗೆ ಬರುವುದು ಸಹಜ. ಮತ್ತೆಯೂ ಹಾಗಾದರೆ ನಿಮ್ಮ ಮ್ಯಾನೇಜರ್, ರೇಸ್ ನಡೆಸುವ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದಿ ಕೋರ್ಸ್ ಅವರಿಗೆ ಬರಹದಲ್ಲಿ ದೂರು ಕೊಡಲಿ. ಗಾಡಿಯ ಬಳಿ ನಿಂತು ಕೂಗಾಡುವುದು ಬೇಡ.

ಪ್ರಶ್ನೆ: ಸಣ್ಣ ಅಂಡಾಕಾರದ ಟ್ರ್ಯಾಕುಗಳಲ್ಲಿ ಓಡುವ ಅಮೆರಿಕದ ಸ್ಪ್ರಿಂಟ್ ಕಾರ್ ರೇಸುಗಳ ವಿಡಿಯೋಗಳಲ್ಲಿ ಪ್ರತಿ ಕಾರನ್ನೂ ಒಂದು ಟ್ರಕ್ ಹಿಂದಿನಿಂದ ತಳ್ಳುತ್ತದೆ. ಅಷ್ಟು ಶಕ್ತಿಯ ಕಾರಿಗೆ ಸ್ವಂತ ಸ್ಟಾರ್ಟರ್ ಏಕಿಲ್ಲ?
– ವಿಜಯನಗರದ ವಿದ್ಯಾರ್ಥಿನಿ

ಉತ್ತರ: ತೂಕ ಉಳಿಸುವುದಕ್ಕಾಗಿ. ದೊಡ್ಡ ದರ್ಜೆಯ ಸ್ಪ್ರಿಂಟ್ ಕಾರಿನಲ್ಲಿ 410 ಘನ ಅಂಗುಲದ, ಸುಮಾರು 900 ಅಶ್ವಶಕ್ತಿಯ, ಮೆಥನಾಲ್ ಕುಡಿಯುವ ಎಂಜಿನ್ ಇರುತ್ತದೆ. ಸ್ಟಾರ್ಟರ್ ಮೋಟಾರ್ ಇಲ್ಲ, ಕ್ಲಚ್ ಇಲ್ಲ, ನಾವು ಬಲ್ಲಂಥ ಗೇರ್ ಬಾಕ್ಸೂ ಇಲ್ಲ. ಗೇರಿಗೆ ಹಾಕುವುದು, ತೆಗೆಯುವುದು, ಇಷ್ಟೇ. ಬ್ಯಾಟರಿ ಸತ್ತ ಮಾರುತಿ ಕಾರನ್ನು ನಾಲ್ವರು ತಳ್ಳಿ ಸ್ಟಾರ್ಟ್ ಮಾಡಿದ್ದನ್ನು ನೀವು ನೋಡಿರಬಹುದು. ಅಲ್ಲಿನ ಕ್ರಮವೂ ಅದೇ. ರಬ್ಬರ್ ಹೊದಿಸಿದ ಬಂಪರಿನ ಟ್ರಕ್ ಹಿಂದಿನಿಂದ ಮೆಲ್ಲಗೆ ತಾಗಿ ತಳ್ಳುತ್ತದೆ, ಚಕ್ರ ತಿರುಗಿದಂತೆ ಎಂಜಿನ್ನೂ ತಿರುಗುತ್ತದೆ, ಆಯಿಲ್ ಒತ್ತಡ ಏರಿದ್ದನ್ನು ಕಂಡ ಮೇಲೆ ಚಾಲಕ ಇಗ್ನಿಷನ್ ಸ್ವಿಚ್ ಹಾಕುತ್ತಾನೆ. ಕ್ಲಚ್ ಇಲ್ಲದ ಕಾರಣ ರೇಸಿನ ನಡುವೆ ಕಾರು ತಿರುಗಿ ನಿಂತರೆ ಎಂಜಿನ್ನೂ ನಿಲ್ಲುತ್ತದೆ; ಮತ್ತೆ ಅದೇ ಟ್ರಕ್ ಬರಬೇಕು.

ನನಗೆ ಬಹಳ ಇಷ್ಟವಾಗುವುದು ಆ ಕೆಲವು ಕ್ಷಣಗಳು. ಕಾರಿಗೆ ಹಿಂದನ್ನು ತೋರಿಸುವ ಕನ್ನಡಿ ಇಲ್ಲ. ತಳ್ಳುವವನು ಚಾಲಕನಿಗೆ ಕಾಣುವುದಿಲ್ಲ, ಚಾಲಕನ ಮುಖ ತಳ್ಳುವವನಿಗೆ ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಕೈಸನ್ನೆಯೊಂದೇ. ಟ್ರಕ್ ಓರೆಯಾಗಿ ತಾಗಿದರೆ ಕಾರು ಗಿರ್ರನೆ ತಿರುಗುತ್ತದೆ, ಚಾಲಕ ದುಡುಕಿ ಬ್ರೇಕ್ ಒತ್ತಿದರೆ ಟ್ರಕ್ ಅವನ ಮೇಲೇರುತ್ತದೆ. ನಮ್ಮ ಮಾಗಡಿ ರಸ್ತೆಯಲ್ಲಿ ಪೆಟ್ರೋಲ್ ಮುಗಿದ ಬೈಕನ್ನು, ಹೆಸರೂ ಗೊತ್ತಿಲ್ಲದ ಇನ್ನೊಬ್ಬ ಸವಾರ ಹಿಂದಿನಿಂದ ಕಾಲು ಕೊಟ್ಟು ಬಂಕಿನವರೆಗೂ ತಳ್ಳಿಕೊಂಡು ಬರುತ್ತಾನಲ್ಲ, ‘ಬ್ರೇಕ್ ಹಿಡೀಬೇಡಿ, ನೇರ ಇಟ್ಕೊಳ್ಳಿ ಸರ್’ ಎನ್ನುತ್ತಾ? ಆ ಇಬ್ಬರ ನಡುವೆ ಏನಿದೆಯೋ ಅದೇ ಅಲ್ಲಿಯೂ ಇದೆ. ಮೆಥನಾಲ್ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವಾದ್ದರಿಂದ, ಕಾರಿನ ಬಳಿಗೆ ಮೊದಲು ತಲುಪುವ ಟ್ರಕ್ಕಿನವರ ಕಣ್ಣೂ ಕಿವಿಯೂ ಚಾಲಕನ ಪ್ರಾಣಕ್ಕೆ ಕಾವಲು.

ಪ್ರಶ್ನೆ: ನನ್ನ ತಮ್ಮ ರಜೆಗಳಲ್ಲಿ ಸ್ವಯಂಸೇವಕನಾಗಿ ರಿಕವರಿ ತಂಡದೊಂದಿಗೆ ಹೋಗುತ್ತಾನೆ. ಚಾಲಕರು ಒಂದು ಮಾತನ್ನೂ ಆಡುವುದಿಲ್ಲವೆಂದು ಬೇಸರಿಸುತ್ತಾನೆ. ಅವನಿಗೆ ಏನು ಹೇಳಲಿ?
– ಯಲಹಂಕದ ಓದುಗರು

ಉತ್ತರ: ಅವನ ಬೇಸರ ನ್ಯಾಯವಾದದ್ದೆಂದು ಮೊದಲು ಹೇಳಿ. ಆದರೆ ರೇಸ್ ಕಳೆದುಕೊಂಡು ಕೂತ ಚಾಲಕನ ಮೌನವನ್ನು ಅವನು ಅವಮಾನವೆಂದು ಎಣಿಸದಿರಲಿ. ಸಂಜೆ ಅದೇ ಚಾಲಕ ಎದುರಾದಾಗ ತಾನೇ ಹೋಗಿ ‘ಕಾರು ಸರಿಯಾಯಿತೇ?’ ಎಂದು ಕೇಳಲಿ; ಮಾತು ಬರುತ್ತದೆ.

ಅದಕ್ಕಿಂತ ಮುಖ್ಯವಾಗಿ ಇದನ್ನು ಹೇಳಿ. 2013ರ ಜೂನ್ 9ರಂದು ಮಾಂಟ್ರಿಯಲ್‌ನಲ್ಲಿ ಕೆನಡಾ ಗ್ರ್ಯಾನ್ ಪ್ರೀ ಮುಗಿದ ಮೇಲೆ, ಕೆಟ್ಟು ನಿಂತಿದ್ದ ಕಾರೊಂದನ್ನು ಎತ್ತಿಕೊಂಡು ಮರಳುತ್ತಿದ್ದ ರಿಕವರಿ ವಾಹನದ ಜೊತೆ ಹೋಗುತ್ತಿದ್ದ ಮಾರ್ಷಲ್ ಒಬ್ಬರು, ಕೈಜಾರಿದ ರೇಡಿಯೋವನ್ನು ಎತ್ತಿಕೊಳ್ಳಲು ಹೋಗಿ ಎಡವಿದರು. ವಾಹನ ನಡೆಸುತ್ತಿದ್ದವರಿಗೆ ಅವರು ಕಾಣಲಿಲ್ಲ. ಅದರ ಚಕ್ರಕ್ಕೆ ಸಿಕ್ಕಿ ಅವರು ಪ್ರಾಣ ಬಿಟ್ಟರು. ರೇಸ್ ಆಗ ಮುಗಿದಿತ್ತು, ಟ್ರ್ಯಾಕಿನಲ್ಲಿ ಓಡುವ ಕಾರುಗಳಿರಲಿಲ್ಲ. ಆದ್ದರಿಂದ ನಿಮ್ಮ ತಮ್ಮ ಗಾಡಿ ನಡೆಸುವವರ ಕಣ್ಣಿಗೆ ಕಾಣುವ ಜಾಗದಲ್ಲಿಯೇ ನಡೆಯಲಿ. ಏನು ಕೆಳಗೆ ಬಿದ್ದರೂ ಗಾಡಿ ಪೂರ್ತಿ ನಿಲ್ಲುವ ತನಕ ಅದಕ್ಕಾಗಿ ಬಗ್ಗದಿರಲಿ.